ಡಿಸ್ಕ್ ಆಪರೇಷನ್ನಾ? ಹೆದರಬೇಡಿ, ಕೇಳಿ ತಿಳ್ಕೊಳ್ಳಿ

ಗ್ಯಾಸ್ ಸಿಲಿಂಡರ್ ಬಾಗಿಲಿಗೆ ಬಂದಿದೆ. ಯಜಮಾನರು ಆಫೀಸಿಗೆ, ಮಕ್ಕಳು ಸ್ಕೂಲಿಗೆ. ಒಲೆಯ ಮೇಲೆ ಸಾರು ಅರ್ಧ ಕುದ್ದಿದೆ. ‘ಇಷ್ಟೇ ತಾನೆ’ ಅಂತ ನೀವೇ ಬಗ್ಗಿ ಎತ್ತುತ್ತೀರಿ. ತುಂಬಿದ ಸಿಲಿಂಡರ್ ಅಂದರೆ ಹತ್ತಿರಹತ್ತಿರ 30 ಕೆ.ಜಿ! ಸೊಂಟದಲ್ಲಿ ಚಳಕ್ಕಂತ ಏನೋ ಹಿಡಿದಂತಾಗುತ್ತದೆ. ಸಂಜೆಗೆ ನೋವು ಪೃಷ್ಠದಿಂದ ತೊಡೆಗೆ, ತೊಡೆಯಿಂದ ಮೀನಖಂಡಕ್ಕೆ ಇಳಿಯುತ್ತದೆ. ರಾತ್ರಿ ಮಗ್ಗುಲು ಬದಲಿಸಲೂ ಆಗುವುದಿಲ್ಲ.

ಮರುದಿನದಿಂದ ಸಲಹೆಗಳ ಸುರಿಮಳೆ ಶುರು. ‘ಎಣ್ಣೆ ಹಚ್ಚಿ ಬಿಸಿನೀರು ಹಾಕ್ಕೊಳ್ಳಿ’ ಅಂತ ಒಬ್ಬರು. ‘ಉಳುಕು ತೆಗೆಸಿ, ಸರಿಹೋಗುತ್ತೆ’ ಅಂತ ಇನ್ನೊಬ್ಬರು. ‘ಡಿಸ್ಕ್ ಆಪರೇಷನ್ ಮಾತ್ರ ಬೇಡವೇ ಬೇಡ, ಕಾಲೇ ಹೋಗಿಬಿಡುತ್ತೆ’ ಅಂತ ಎದುರುಮನೆಯವರು. ಇತ್ತ ಪೇಪರಿನಲ್ಲಿ ಜಾಹೀರಾತು: ‘ಸಣ್ಣ ರಂಧ್ರದ ಮೂಲಕ ಬೆನ್ನಿನ ಶಸ್ತ್ರಚಿಕಿತ್ಸೆ, ಮರುದಿನವೇ ಮನೆಗೆ!’ ಯಾವುದನ್ನು ನಂಬೋಣ?

ನಮ್ಮ ಅತ್ತಿಗೆಯ ವಿಷಯದಲ್ಲಿ ಆಗಿದ್ದೂ ಇದೇ. ಕಾಲುನೋವು ಶುರುವಾದ ಎರಡನೇ ವಾರಕ್ಕೇ ಅವರು ಹೋದ ಆಸ್ಪತ್ರೆಯಲ್ಲಿ ಎಂ.ಆರ್.ಐ. ನೋಡಿ, ‘ಎರಡು ಡಿಸ್ಕ್ ಹೋಗಿವೆ, ಸ್ಕ್ರೂ ಹಾಕಬೇಕು, ನಾಳೆಯೇ ಅಡ್ಮಿಟ್ ಆಗಿ’ ಅಂದರಂತೆ. ಹೆದರಿ ಮನೆಗೆ ಬಂದವರು ಆಮೇಲೆ ಯಾವ ಡಾಕ್ಟರ ಹತ್ತಿರವೂ ಹೋಗಲಿಲ್ಲ. ಎಣ್ಣೆ, ಪಟ್ಟು, ಮಾತ್ರೆ ಅಂತ ಆರು ತಿಂಗಳು ಕಳೆದರು. ಒಂದು ದಿನ ‘ಈ ಚಪ್ಪಲಿ ಯಾಕೋ ಕಾಲಿಂದ ಜಾರಿ ಜಾರಿ ಬೀಳುತ್ತೆ ಕಣೇ’ ಅಂತ ಹೊಸ ಜೊತೆ ಕೊಂಡುತಂದರು. ಅದೂ ಜಾರಿತು. ತಪ್ಪು ಚಪ್ಪಲಿಯದ್ದಾಗಿರಲಿಲ್ಲ. ಪಾದವನ್ನು ಮೇಲಕ್ಕೆತ್ತುವ ನರವೇ ಸೋಲುತ್ತಿತ್ತು!

ಅತ್ತಿಗೆ ಹೆದರಿದ್ದು ತಪ್ಪಲ್ಲ. ಆದರೆ ಹೆದರಿ ಸುಮ್ಮನಾಗಿದ್ದು ದುಬಾರಿಯಾಯಿತು. ಅವರ ಕಥೆ ಮುಂದೆ ಹೇಳುತ್ತೇನೆ. ಮೊದಲು ಬೆನ್ನಿನ ಒಳಗೊಮ್ಮೆ ಇಣುಕಿ ನೋಡೋಣ.

ಏನಿದು ಡಿಸ್ಕ್?

ನಮ್ಮ ಬೆನ್ನುಮೂಳೆ ಒಂದೇ ಕಂಬವಲ್ಲ, ಒಂದರ ಮೇಲೊಂದು ಕೂತ ಮಣಿಗಳ ಸಾಲು. ಮಣಿ ಮಣಿಗಳ ನಡುವೆ ಇರುವ ಮೆತ್ತೆಯೇ ಡಿಸ್ಕ್. ಇಂಥವು ಒಟ್ಟು 23. ಹೊರಗೆ ಗಟ್ಟಿ ನಾರಿನ ಉಂಗುರ, ಒಳಗೆ ಲೋಳೆಯಂಥ ತಿರುಳು. ಕಡುಬಿನೊಳಗಿನ ಹೂರಣ ಅಂದುಕೊಳ್ಳಿ. ವಯಸ್ಸಾದಂತೆ ಈ ತಿರುಳಿನ ನೀರಿನಂಶ ಕಡಿಮೆಯಾಗುತ್ತದೆ, ಹೊರಗಿನ ಉಂಗುರದಲ್ಲಿ ಬಿರುಕು ಬೀಳುತ್ತದೆ. ಭಾರ ಎತ್ತಿದಾಗಲೋ, ಕೆಲವೊಮ್ಮೆ ಬರೀ ಸೀನಿದಾಗಲೋ ತಿರುಳು ಹೊರಗೆ ಉಬ್ಬಿ ಪಕ್ಕದ ನರವನ್ನು ಒತ್ತುತ್ತದೆ. ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲೇ ಈ ತೊಂದರೆ ಹೆಚ್ಚು. ಅಲ್ಲಿಂದ ಹೊರಡುವ ನರ ಕಾಲಿಗೆ ಹೋಗುವುದರಿಂದ ತೊಂದರೆ ಸೊಂಟದಲ್ಲಿದ್ದರೂ ನೋವು ಕಾಲಿನಲ್ಲಿ! ಇದನ್ನೇ ಸಯಾಟಿಕಾ ಅನ್ನುವುದು.

ಈ ನಂಟನ್ನು ವೈದ್ಯಲೋಕ ಸ್ಪಷ್ಟವಾಗಿ ಕಂಡುಕೊಂಡದ್ದು 1934ರಲ್ಲಿ. ಅಮೆರಿಕದ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ವೈದ್ಯರು ಡಿಸ್ಕ್ ಒಡೆದು ನರ ಒತ್ತುವುದರಿಂದಲೇ ಕಾಲುನೋವು ಬರುತ್ತದೆ, ಆ ತುಣುಕನ್ನು ತೆಗೆದರೆ ನೋವು ಇಳಿಯುತ್ತದೆ ಎಂದು ಬರೆದರು. ಇಂದಿನ ಎಲ್ಲ ಡಿಸ್ಕ್ ಆಪರೇಷನ್‌ಗಳಿಗೂ ಅದೇ ತಳಪಾಯ.

ರಿಪೋರ್ಟ್ ನೋಡಿ ಗಾಬರಿ ಬೇಡ

ಎಂ.ಆರ್.ಐ. ರಿಪೋರ್ಟಿನಲ್ಲಿ ‘ಡಿಸ್ಕ್ ಬಲ್ಜ್’ ಅಂತ ಕಂಡ ಕೂಡಲೇ ಎದೆ ಧಸಕ್ ಅನ್ನುತ್ತೆ ಅಲ್ವಾ? 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಎಂ.ಆರ್.ಐ. ಮಾಡಿ ನೋಡಿದರು. ಅವರಲ್ಲಿ ಶೇ. 52 ಮಂದಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು! ಪಾಪ, ಅವರಿಗೆ ಅದು ಗೊತ್ತೇ ಇರಲಿಲ್ಲ. ಅಂದರೆ ಚಿತ್ರದಲ್ಲಿ ಕಂಡದ್ದೆಲ್ಲ ಕಾಯಿಲೆಯಲ್ಲ. ನಿಮ್ಮ ನೋವು ಇಳಿಯುವ ಜಾಗ, ಡಾಕ್ಟರು ಪರೀಕ್ಷಿಸಿ ಕಂಡದ್ದು ಮತ್ತು ಎಂ.ಆರ್.ಐ. ಈ ಮೂರೂ ಒಂದೇ ಮಾತು ಹೇಳಬೇಕು. ಆಗಷ್ಟೇ ಆಪರೇಷನ್ನಿನ ಪ್ರಶ್ನೆ.

ಬಹಳಷ್ಟು ಜನರಿಗೆ ಆ ಪ್ರಶ್ನೆ ಬರುವುದೇ ಇಲ್ಲ. ಮಾತ್ರೆ, ಒಂದೆರಡು ದಿನದ ವಿಶ್ರಾಂತಿ, ಆಮೇಲೆ ನಿಧಾನವಾಗಿ ಓಡಾಟ, ಫಿಸಿಯೋಥೆರಪಿ ಇಷ್ಟರಲ್ಲೇ ಕೆಲವು ವಾರಗಳಲ್ಲಿ ನೋವು ಇಳಿಯುತ್ತದೆ. ಹೊರಬಂದ ತಿರುಳೂ ಅನೇಕರಲ್ಲಿ ತಾನಾಗಿಯೇ ಕುಗ್ಗುತ್ತದೆ. ನೆದರ್ಲೆಂಡ್ಸ್‌ನಲ್ಲಿ 6ರಿಂದ 12 ವಾರ ಸಯಾಟಿಕಾ ಅನುಭವಿಸಿದ್ದ 283 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದಕ್ಕೆ ಮೊದಲು ಔಷಧಿ, ವ್ಯಾಯಾಮ, ಬೇಕಾದರೆ ಮಾತ್ರ ಆಪರೇಷನ್. 2007ರಲ್ಲಿ ಪ್ರಕಟವಾದ ಫಲಿತಾಂಶ ಏನು ಗೊತ್ತಾ? ಆಪರೇಷನ್ ಗುಂಪಿನವರು ಬೇಗ ಚೇತರಿಸಿಕೊಂಡರು, ನಿಜ. ಆದರೆ ಒಂದು ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಶೇ. 95 ಮಂದಿ ಗುಣವಾಗಿದ್ದರು. ಕಾಯುವ ಗುಂಪಿನವರಲ್ಲಿ ಶೇ. 39 ಮಂದಿಗೆ ಮಾತ್ರ ಕಡೆಗೆ ಆಪರೇಷನ್ ಬೇಕಾಯಿತು.

ಹಾಗಾದರೆ ಕಾಯುತ್ತಲೇ ಇರೋದಾ? ಖಂಡಿತಾ ಅಲ್ಲ.

ಇವು ಕಂಡರೆ ಕಾಯಬೇಡಿ

* ಮೂತ್ರ ಕಟ್ಟಿಕೊಳ್ಳುವುದು, ಅಥವಾ ಗೊತ್ತಿಲ್ಲದೆ ಹೋಗಿಬಿಡುವುದು. ಮಲದ ಹಿಡಿತ ತಪ್ಪುವುದು.

* ತೊಡೆಸಂದು, ಗುಪ್ತಾಂಗದ ಸುತ್ತ, ಕೂರುವ ಜಾಗ ಜೋಮು ಹಿಡಿಯುವುದು.

* ಎರಡೂ ಕಾಲಿನಲ್ಲಿ ಶಕ್ತಿ ಇಲ್ಲದಂತಾಗುವುದು.

ಈ ಮೂರರಲ್ಲಿ ಯಾವುದು ಕಂಡರೂ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ಮೂತ್ರದ ವಿಷಯ ಹೇಳಿಕೊಳ್ಳಲು ನಮಗೆಲ್ಲ ಸಂಕೋಚ. ‘ವಯಸ್ಸಾಯ್ತು, ಹೆರಿಗೆ ಆದಮೇಲೆ ಹೀಗೇ’ ಅಂತ ಸುಮ್ಮನಿದ್ದುಬಿಡುತ್ತೇವೆ. ಬೆನ್ನುನೋವಿನ ಜೊತೆ ಇದು ಹೊಸದಾಗಿ ಶುರುವಾದರೆ ದಯವಿಟ್ಟು ನಾಚಿಕೆ ಬಿಡಿ. ತಡವಾದರೆ ಆ ಹಿಡಿತ ಮರಳಿ ಬಾರದೇ ಹೋಗಬಹುದು.

* ಪಾದ ಎತ್ತಲಾಗದೆ ನೆಲಕ್ಕೆ ತಾಗುವುದು, ಚಪ್ಪಲಿ ಜಾರುವುದು, ಹಿಮ್ಮಡಿಯ ಮೇಲೆ ಅಥವಾ ತುದಿಗಾಲ ಮೇಲೆ ನಿಲ್ಲಲಾಗದಿರುವುದು. ಇದನ್ನೂ ತಕ್ಷಣ ತೋರಿಸಿ.

ಇವು ಯಾವುದೂ ಇಲ್ಲದಿದ್ದರೂ, ಆರೆಂಟು ವಾರ ಸರಿಯಾಗಿ ಚಿಕಿತ್ಸೆ ತೆಗೆದುಕೊಂಡ ಮೇಲೂ ಕಾಲಿನ ನೋವು ಸಹಿಸಲಾಗದಷ್ಟಿದ್ದರೆ ಆಪರೇಷನ್ ಬಗ್ಗೆ ಮಾತಾಡುವ ಸಮಯ ಬಂದಿದೆ ಅಂತ ಅರ್ಥ. ಕಾಲುನೋವಿಲ್ಲದೆ ಬರೀ ಸೊಂಟನೋವಿಗೆ ಆಪರೇಷನ್ನಿನಿಂದ ಲಾಭ ಅಷ್ಟಕ್ಕಷ್ಟೇ ಅನ್ನುವುದೂ ನೆನಪಿರಲಿ.

ಸಣ್ಣ ರಂಧ್ರದ ಗುಟ್ಟು

ಹಿಂದೆ ಬೆನ್ನಿನ ಆಪರೇಷನ್ ಅಂದರೆ ಉದ್ದಕ್ಕೆ ಕೊಯ್ದು, ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ ಪಕ್ಕಕ್ಕೆ ಸರಿಸಬೇಕಿತ್ತು. ಗಾಯ ಮಾಯಲು, ಸ್ನಾಯು ಸುಧಾರಿಸಲು ವಾರಗಟ್ಟಲೆ ಬೇಕು. 1977ರ ಹೊತ್ತಿಗೆ ಮೈಕ್ರೋಸ್ಕೋಪ್ ಬಂತು, ಕೊಯ್ತ ಚಿಕ್ಕದಾಯಿತು. 1990ರ ದಶಕದ ಕೊನೆಯಲ್ಲಿ ಕೊಳವೆಯ ವಿಧಾನ ಬಂತು.

ಇದು ಹೇಗೆ ಅಂತೀರಾ? ಮನೆಯಲ್ಲಿ ಒಂದರೊಳಗೊಂದು ಕೂರುವ ಸ್ಟೀಲ್ ಡಬ್ಬಿಗಳಿರುತ್ತವಲ್ಲ, ಹಾಗೆ. ‘ಸಿ-ಆರ್ಮ್’ ಎಂಬ ಎಕ್ಸ್‌ರೇ ಯಂತ್ರದಲ್ಲಿ ಜಾಗ ಗುರುತಿಸಿ, ಮೊದಲು ಪೆನ್ಸಿಲಿನಷ್ಟು ಸಣ್ಣ ಕೊಳವೆ ಇಳಿಸುತ್ತಾರೆ. ಅದರ ಮೇಲೆ ಸ್ವಲ್ಪ ದಪ್ಪದ್ದು, ಅದರ ಮೇಲೆ ಇನ್ನೂ ದಪ್ಪದ್ದು. ಸ್ನಾಯುವಿನ ಎಳೆಗಳನ್ನು ಕತ್ತರಿಸುವುದಿಲ್ಲ, ಸೀರೆಯ ನೆರಿಗೆ ಸರಿಸಿದಂತೆ ಸರಿಸುತ್ತಾರೆ ಅಷ್ಟೆ. ಕೊನೆಗೆ ಸುಮಾರು 2 ಸೆಂ.ಮೀ. ಅಗಲದ ಕೊಳವೆಯೊಂದೇ ಉಳಿಯುತ್ತದೆ. ಅದರೊಳಗಿಂದಲೇ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ನರ ಒತ್ತುತ್ತಿರುವ ತುಣುಕನ್ನು ತೆಗೆಯುತ್ತಾರೆ. ಎಂಡೋಸ್ಕೋಪ್ ವಿಧಾನದಲ್ಲಂತೂ ರಂಧ್ರ ಒಂದು ಸೆಂಟಿಮೀಟರಿಗಿಂತ ಚಿಕ್ಕದು. ಕೆಲವರಿಗೆ ಆ ಜಾಗವನ್ನು ಮಾತ್ರ ಮರಗಟ್ಟಿಸಿ, ಎಚ್ಚರವಿದ್ದಂತೆಯೇ ಮಾಡಬಹುದು.

ಇಲ್ಲೊಂದು ಮಾತು ಗಮನಿಸಿ. ರಂಧ್ರ ಚಿಕ್ಕದಾದಷ್ಟೂ ಫಲ ದೊಡ್ಡದು ಅಂತ ಲೆಕ್ಕವಿಲ್ಲ! 2009ರಲ್ಲಿ ಪ್ರಕಟವಾದ, 328 ರೋಗಿಗಳ ಮೇಲಿನ ನೆದರ್ಲೆಂಡ್ಸ್‌ನ ಮತ್ತೊಂದು ಅಧ್ಯಯನದಲ್ಲಿ ಕೊಳವೆಯ ವಿಧಾನ ಮಾಮೂಲಿ ಮೈಕ್ರೋಸ್ಕೋಪ್ ಆಪರೇಷನ್ನಿಗಿಂತ ಮೇಲು ಅಂತ ಸಾಬೀತಾಗಲಿಲ್ಲ. 2022ರಲ್ಲಿ ಬಂದ, 613 ರೋಗಿಗಳ ಅಧ್ಯಯನದಲ್ಲಿ ಎಂಡೋಸ್ಕೋಪ್ ವಿಧಾನ ಕಾಲುನೋವಿಗೆ ತೆರೆದ ಆಪರೇಷನ್ನಿಗೆ ಸರಿಸಮನಾಗಿತ್ತು. ಅಂದರೆ ಎಲ್ಲವೂ ಒಳ್ಳೆಯ ದಾರಿಗಳೇ. ನಿಮ್ಮ ಸರ್ಜನ್‌ಗೆ ಯಾವ ದಾರಿ ಚೆನ್ನಾಗಿ ರೂಢಿಯಿದೆ ಅನ್ನುವುದು ಮುಖ್ಯ.

ಒಳಗೆ ಏನಿಡುತ್ತಾರೆ?

ಬರೀ ಡಿಸ್ಕ್ ತುಣುಕು ತೆಗೆಯುವುದಾದರೆ ಒಳಗೆ ಏನನ್ನೂ ಇಡಬೇಕಿಲ್ಲ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಹಾಗಾದರೆ ಇಂಪ್ಲಾಂಟ್ ಯಾರಿಗೆ?

ನಮ್ಮ ಅಪಾರ್ಟ್‌ಮೆಂಟಿನ ಆಂಟಿಯೊಬ್ಬರು ಅರವತ್ತರ ಆಸುಪಾಸಿನವರು. ಹತ್ತು ಹೆಜ್ಜೆ ನಡೆದರೆ ಕಾಲು ಭಾರ. ಕೂತರೆ ಆರಾಮ. ಸೂಪರ್ ಮಾರ್ಕೆಟ್ಟಿನಲ್ಲಿ ಟ್ರಾಲಿ ಹಿಡಿದು ಮುಂದಕ್ಕೆ ಬಗ್ಗಿ ನಡೆದರೂ ಆರಾಮ! ಅವರ ಒಂದು ಬೆನ್ನುಮಣಿ ಕೆಳಗಿನದರ ಮೇಲಿಂದ ಮುಂದಕ್ಕೆ ಜಾರಿ ನರದ ದಾರಿಯನ್ನು ಕಿರಿದು ಮಾಡಿತ್ತು. ಐವತ್ತು ದಾಟಿದ ಹೆಂಗಸರಲ್ಲಿ ಇದು ಗಂಡಸರಿಗಿಂತ ಹೆಚ್ಚು. ಹೀಗೆ ಮಣಿ ಜಾರಿ ಅಲುಗಾಡುತ್ತಿದ್ದರೆ ಅನೇಕ ವೇಳೆ ಎರಡು ಮಣಿಗಳನ್ನು ಬೆಸೆಯಬೇಕಾಗುತ್ತದೆ. ಅದೇ ‘ಫ್ಯೂಷನ್’.

ಇದನ್ನೂ ಸಣ್ಣ ರಂಧ್ರಗಳಿಂದಲೇ ಮಾಡಬಹುದು. ಬೆನ್ನಿನ ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ, 2-3 ಸೆಂ.ಮೀ. ಕೊಯ್ತ. ಕೊಳವೆಯ ಮೂಲಕ ಒಂದು ಬದಿಯ ಸಣ್ಣ ಕೀಲನ್ನು ತೆಗೆದು, ಸವೆದ ಡಿಸ್ಕನ್ನು ಪೂರ್ತಿ ಕೆರೆದು ಸ್ವಚ್ಛ ಮಾಡುತ್ತಾರೆ. ಆ ಖಾಲಿ ಜಾಗಕ್ಕೆ ‘ಕೇಜ್’ ಎಂಬ ಪುಟ್ಟ ಪೆಟ್ಟಿಗೆಯನ್ನು ಕೂರಿಸುತ್ತಾರೆ. ಅದು ಟೈಟಾನಿಯಂನದ್ದು, ಇಲ್ಲವೇ ‘ಪೀಕ್’ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದ್ದು. ಒಳಗೆ ನಿಮ್ಮದೇ ಮೂಳೆಯ ಚೂರುಗಳನ್ನು ತುಂಬಿರುತ್ತಾರೆ. ಕುಸಿದಿದ್ದ ಎತ್ತರ ಮರಳಿ ಬರುತ್ತದೆ, ನರಕ್ಕೆ ಜಾಗವಾಗುತ್ತದೆ. ಆಮೇಲೆ ಚರ್ಮದ ಪುಟ್ಟ ತೂತುಗಳಿಂದಲೇ ಮೇಲಿನ, ಕೆಳಗಿನ ಮಣಿಗಳಿಗೆ ಸ್ಕ್ರೂ ಹಾಕಿ ರಾಡಿನಿಂದ ಜೋಡಿಸುತ್ತಾರೆ. ಸ್ಕ್ರೂ ಕೆಲಸ ಆಸರೆ ಕೊಡುವುದಷ್ಟೇ. ನಿಜವಾದ ಬೆಸುಗೆ ನಿಮ್ಮ ಮೂಳೆಯೇ ಬೆಳೆದು ಆಗಬೇಕು. ಅದಕ್ಕೆ ಆರು ತಿಂಗಳಿಂದ ಒಂದು ವರ್ಷ ಬೇಕಾಗಬಹುದು. ಗಾಯ ಹದಿನೈದು ದಿನಕ್ಕೆ ಮಾಯ್ದರೂ ಒಳಗಿನ ಕೆಲಸ ಮುಗಿದಿರುವುದಿಲ್ಲ ಅನ್ನುವುದು ಇದಕ್ಕೇ.

ಚಲಿಸುವ ಕೃತಕ ಡಿಸ್ಕ್

ಬೆಸೆದರೆ ಆ ಜಾಗ ಬಗ್ಗುವುದಿಲ್ಲ. ಅದರ ಮೇಲೆ, ಕೆಳಗಿರುವ ಡಿಸ್ಕುಗಳಿಗೆ ಭಾರ ಹೆಚ್ಚುತ್ತದೆ. ಮಂಡಿ ಬದಲಿಸಿದಂತೆ ಡಿಸ್ಕನ್ನೇ ಬದಲಿಸಿದರೆ? ಈ ಆಸೆ ಹಳೆಯದು. 1960ರ ದಶಕದಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಎಂಬ ವೈದ್ಯರು ಡಿಸ್ಕಿನ ಜಾಗದಲ್ಲಿ ಉಕ್ಕಿನ ಗುಂಡು ಇಟ್ಟು ನೋಡಿದರು. ಗುಂಡುಗಳು ಮೂಳೆಯೊಳಗೆ ಹೂತುಹೋದವು!

ಮುಂದಿನ ಹೆಜ್ಜೆಯಲ್ಲಿ ಒಬ್ಬ ಹೆಣ್ಣುಮಗಳ ಕೈಯಿದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್‌ನ ಎರಡು ಚಿನ್ನ ಗೆದ್ದ ಪೂರ್ವ ಜರ್ಮನಿಯ ಕರೀನ್ ಯಾನ್ಸ್ ಆಮೇಲೆ ಓದಿ ಮೂಳೆತಜ್ಞೆಯಾದರು. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಸಹೋದ್ಯೋಗಿ ಶೆಲ್ನಾಕ್ ಜೊತೆ ಸೇರಿ ಕೃತಕ ಡಿಸ್ಕ್ ರೂಪಿಸಿದರು. ಎರಡು ಲೋಹದ ತಟ್ಟೆ, ನಡುವೆ ಜಾರುವ ಪ್ಲಾಸ್ಟಿಕ್. 1984ರಲ್ಲಿ ಅದನ್ನು ಮೊದಲ ಬಾರಿ ರೋಗಿಗೆ ಅಳವಡಿಸಲಾಯಿತು. 2004ರಲ್ಲಿ ಅಮೆರಿಕದ ಸರ್ಕಾರವೂ ಒಪ್ಪಿಗೆ ಕೊಟ್ಟಿತು. ಬೆನ್ನು ಬಿಲ್ಲಿನಂತೆ ಬಗ್ಗಿಸಿ ಪದಕ ಗೆದ್ದವರಿಗೆ ಬಗ್ಗುವ ಬೆನ್ನಿನ ಬೆಲೆ ಗೊತ್ತಿರದೇ ಇರುತ್ತದೆಯೇ?

ಆದರೆ ‘ಕೃತಕ ಡಿಸ್ಕ್’ ಮತ್ತು ‘ಸಣ್ಣ ರಂಧ್ರ’ ಎರಡನ್ನೂ ಒಟ್ಟಿಗೆ ಕೇಳಿದರೆ ಸ್ವಲ್ಪ ಎಚ್ಚರ. ಸೊಂಟದ ಕೃತಕ ಡಿಸ್ಕನ್ನು ಬೆನ್ನಿನಿಂದ ಹಾಕುವುದಿಲ್ಲ. ಹೊಟ್ಟೆಯ ಕಡೆಯಿಂದ, ಕರುಳನ್ನೂ ದೊಡ್ಡ ರಕ್ತನಾಳಗಳನ್ನೂ ಪಕ್ಕಕ್ಕೆ ಸರಿಸಿ ಕೂರಿಸಬೇಕು. ಸಿಸೇರಿಯನ್, ಗರ್ಭಕೋಶದ ಆಪರೇಷನ್ ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಕುತ್ತಿಗೆಯ ಡಿಸ್ಕಿಗೆ ಮಾತ್ರ ಕುತ್ತಿಗೆಯ ಮುಂಭಾಗದಲ್ಲಿ, ಚರ್ಮದ ಮಡಿಕೆಯಲ್ಲೇ ಚಿಕ್ಕ ಕೊಯ್ತ ಸಾಕು. ಮಣಿ ಜಾರಿದವರಿಗೆ, ಕೀಲು ಸವೆದವರಿಗೆ, ಮೂಳೆ ಟೊಳ್ಳಾದವರಿಗೆ ಸೊಂಟದ ಕೃತಕ ಡಿಸ್ಕ್ ಹೊಂದುವುದಿಲ್ಲ. ‘ಹೊಸದು ಬಂದಿದೆಯಂತೆ, ಅದನ್ನೇ ಹಾಕಿ’ ಅಂತ ಕೇಳುವ ವಸ್ತು ಇದಲ್ಲ.

ಒಪ್ಪಿಗೆಗೆ ಸಹಿ ಹಾಕುವ ಮುನ್ನ

ಒಂದು ಚೀಟಿಯಲ್ಲಿ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಮನೆಯವರೊಬ್ಬರು ಜೊತೆಗಿರಲಿ.

* ನನ್ನ ಯಾವ ನರ ಒತ್ತಿದೆ? ನನ್ನ ನೋವಿಗೂ ಅದಕ್ಕೂ ತಾಳೆಯಾಗುತ್ತದೆಯೇ?

* ಇನ್ನೂ ಕೆಲವು ವಾರ ಕಾದರೆ ಅಪಾಯವಿದೆಯೇ?

* ಬರೀ ತುಣುಕು ತೆಗೆದರೆ ಸಾಲದೇ? ಸ್ಕ್ರೂ, ಕೇಜ್ ಯಾಕೆ ಬೇಕು?

* ಈ ವಿಧಾನದಲ್ಲಿ ನೀವು ಎಷ್ಟು ಆಪರೇಷನ್ ಮಾಡಿದ್ದೀರಿ? ಮಧ್ಯದಲ್ಲಿ ದೊಡ್ಡದಾಗಿ ತೆರೆಯಬೇಕಾಗಬಹುದೇ?

* ಇಂಪ್ಲಾಂಟಿನ ಖರ್ಚು ಪ್ಯಾಕೇಜಿನೊಳಗೇ ಬರುತ್ತದೆಯೋ, ಬೇರೆಯೋ? ವಿಮೆ ಎಷ್ಟು ಕೊಡುತ್ತದೆ?

* ನನ್ನ ಮೂಳೆಯ ಸಾಂದ್ರತೆ ಪರೀಕ್ಷಿಸಬೇಕೇ? ಮುಟ್ಟು ನಿಂತವರು ಇದನ್ನು ಮರೆಯದೆ ಕೇಳಿ. ಮೂಳೆ ಮೆದುವಾಗಿದ್ದರೆ ಸ್ಕ್ರೂ ಸಡಿಲವಾಗಬಹುದು.

ಸಕ್ಕರೆ ಕಾಯಿಲೆ, ರಕ್ತ ತೆಳುವಾಗುವ ಮಾತ್ರೆ, ಗರ್ಭಿಣಿಯಾಗಿರುವ ಸಾಧ್ಯತೆ ಯಾವುದನ್ನೂ ಮುಚ್ಚಿಡಬೇಡಿ. ರಂಧ್ರ ಸಣ್ಣದಾದರೂ ಸೋಂಕು, ನರಕ್ಕೆ ಪೆಟ್ಟು, ನರದ ಹೊದಿಕೆ ಹರಿಯುವುದು ಇಂಥ ಅಪಾಯಗಳು ಇದ್ದೇ ಇವೆ. ತುಣುಕು ತೆಗೆಸಿದವರಲ್ಲೂ ನೂರಕ್ಕೆ 5ರಿಂದ 15 ಜನರಿಗೆ ಅದೇ ಡಿಸ್ಕ್ ಮತ್ತೆ ಹೊರಬರಬಹುದು.

ಎರಡನೇ ಅಭಿಪ್ರಾಯ ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತೆ ಅಂದುಕೊಳ್ಳಬೇಡಿ. ಅದು ನಿಮ್ಮ ಹಕ್ಕು. ಬೆಂಗಳೂರಿನವರಾದರೆ ನಿಮ್ಹಾನ್ಸ್, ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯಂಥ ಸರ್ಕಾರಿ ಸಂಸ್ಥೆಗಳಲ್ಲೂ ತೋರಿಸಬಹುದು.

ಮನೆಗೆ ಬಂದ ಮೇಲೆ

ಬಹಳಷ್ಟು ಜನರನ್ನು ಅದೇ ದಿನ ಅಥವಾ ಮರುದಿನವೇ ಎಬ್ಬಿಸಿ ನಡೆಸುತ್ತಾರೆ. ಕಷ್ಟ ಇರುವುದು ಆಮೇಲೆ. ನೋವು ಹೋಗಿದೆ, ಗಾಯ ಕಾಣುವುದೇ ಇಲ್ಲ. ಮನೆಯವರಿಗೂ ಮರೆತುಹೋಗುತ್ತದೆ, ನಮಗೂ ಮರೆತುಹೋಗುತ್ತದೆ! ಬಗ್ಗುವುದು, ಭಾರ ಎತ್ತುವುದು, ಸೊಂಟ ತಿರುಚುವುದು ಈ ಮೂರೂ ಡಾಕ್ಟರು ಹೇಳುವವರೆಗೆ ಬೇಡ. ನೆಲ ಒರೆಸುವುದು, ಈಳಿಗೆಮಣೆಯ ಮುಂದೆ ಕೂರುವುದು, ಕುಕ್ಕರಗಾಲಲ್ಲಿ ರಂಗೋಲಿ ಹಾಕುವುದು, ನೀರಿನ ಬಕೆಟ್, ಒದ್ದೆ ಬಟ್ಟೆಯ ಬುಟ್ಟಿ, ಸ್ಕೂಟರ್ ಎಲ್ಲಕ್ಕೂ ರಜೆ. ತರಕಾರಿಯನ್ನು ಟೇಬಲ್ ಮೇಲೆ ಹೆಚ್ಚಿ. ದಿನಬಳಕೆಯ ಡಬ್ಬಿಗಳನ್ನು ಸೊಂಟದ ಎತ್ತರಕ್ಕೆ ಜೋಡಿಸಿ. ಆಗುವುದಾದರೆ ಆಸ್ಪತ್ರೆಗೆ ಹೋಗುವ ಮುನ್ನವೇ ಈ ಏರ್ಪಾಟು ಮಾಡಿಕೊಳ್ಳಿ. ನಡಿಗೆಯನ್ನು ಮಾತ್ರ ದಿನದಿನಕ್ಕೆ ಸ್ವಲ್ಪಸ್ವಲ್ಪ ಹೆಚ್ಚಿಸಿ. ಫ್ಯೂಷನ್ ಆಗಿದ್ದರೆ ಮನೆಯಲ್ಲಿ ಸಿಗರೇಟಿನ ಹೊಗೆ ಬೇಡ. ಧೂಮಪಾನ ಮೂಳೆ ಬೆಸುಗೆಗೆ ಶತ್ರು.

ಇಂಪ್ಲಾಂಟಿನ ಸ್ಟಿಕ್ಕರನ್ನು ಕೇಳಿ ಪಡೆದು, ಡಿಸ್ಚಾರ್ಜ್ ಸಮ್ಮರಿಯ ಜೊತೆ ಒಡವೆಯ ರಸೀದಿಯಷ್ಟೇ ಜೋಪಾನವಾಗಿ ಇಡಿ. ಮುಂದೆ ಎಂದಾದರೂ ಎಂ.ಆರ್.ಐ. ಮಾಡಿಸುವಾಗ ಬೇಕಾಗುತ್ತದೆ. ಜ್ವರ, ಗಾಯದಿಂದ ನೀರು ಸೋರುವುದು, ಹೊಸದಾಗಿ ಜೋಮು ಕಂಡರೆ ತಕ್ಷಣ ಫೋನ್ ಮಾಡಿ.

ಈಗ ನಮ್ಮ ಅತ್ತಿಗೆಯ ಕಥೆ. ಚಪ್ಪಲಿಯ ವಿಷಯ ತಿಳಿದ ದಿನವೇ ಅವರನ್ನು ಎಳೆದುಕೊಂಡು ಬೇರೆ ವೈದ್ಯರಲ್ಲಿಗೆ ಹೋದೆವು. ಅವರು ಹಿಮ್ಮಡಿಯ ಮೇಲೆ ನಡೆಯಲು ಹೇಳಿ ನೋಡಿದರು, ಹೆಬ್ಬೆರಳನ್ನು ಒತ್ತಿ ನೋಡಿದರು, ಹೊಸದಾಗಿ ಎಂ.ಆರ್.ಐ. ಮಾಡಿಸಿದರು. ‘ನರ ಒತ್ತಿರೋದು ಒಂದೇ ಡಿಸ್ಕ್. ಮಣಿ ಜಾರಿಲ್ಲ, ಸ್ಕ್ರೂ ಬೇಕಿಲ್ಲ. ಆದರೆ ಇನ್ನು ಕಾಯೋ ಹಾಗಿಲ್ಲ ತಾಯಿ’ ಅಂದರು. ಕೊಳವೆಯ ಮೂಲಕ ತುಣುಕು ತೆಗೆದರು. ಮರುದಿನ ಅತ್ತಿಗೆ ವಾರ್ಡಿನಲ್ಲಿ ನಡೆದಾಡಿದರು. ಕಾಲುನೋವು ಮಾಯವಾಗಿತ್ತು.

ಆದರೆ ಹೆಬ್ಬೆರಳು ಇಂದಿಗೂ ಪೂರ್ತಿ ಮೇಲೇಳುವುದಿಲ್ಲ. ಹಿಂದೆ ಬೆಲ್ಟ್ ಇರುವ ಚಪ್ಪಲಿಯನ್ನೇ ಹಾಕುತ್ತಾರೆ. ‘ಮೊದಲ ಸಲ ಹೆದರಿಸಿದಾಗ ಓಡಿಬರೋ ಬದಲು ಯಾಕೆ, ಏನು ಅಂತ ಕೇಳಬೇಕಿತ್ತು. ಇಲ್ಲಾ ಇನ್ನೊಬ್ಬರ ಹತ್ರನಾದ್ರೂ ಹೋಗಬೇಕಿತ್ತು ಕಣೇ’ ಅಂತ ಈಗಲೂ ಪೇಚಾಡುತ್ತಾರೆ.

ಮನೆಯಲ್ಲಿ ಎಲ್ಲರ ಜ್ವರ, ಕೆಮ್ಮಿಗೆ ಓಡುವ ನಾವು ನಮ್ಮ ಸೊಂಟದ ನೋವನ್ನು ‘ಹಬ್ಬ ಕಳೀಲಿ, ಮಕ್ಕಳ ಪರೀಕ್ಷೆ ಮುಗೀಲಿ’ ಅಂತ ಮುಂದೂಡುತ್ತಲೇ ಇರುತ್ತೇವೆ. ಇವತ್ತೇ ಒಂದು ಕೆಲಸ ಮಾಡಿ. ಗೋಡೆ ಹಿಡಿದುಕೊಂಡು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಿ. ಒಂದು ಕಾಲು ಸೋತರೆ ನಾಳೆಯೇ ಡಾಕ್ಟರ ಹತ್ತಿರ ಹೊರಡಿ. ಪ್ರಶ್ನೆಗಳ ಚೀಟಿ ಪರ್ಸಿನಲ್ಲಿರಲಿ. ಸಾರು ಒಂದು ದಿನ ಮನೆಯವರೇ ಮಾಡಿಕೊಳ್ಳಲಿ ಬಿಡಿ, ಏನಂತೀರಿ?